ತಗಡಿನ ಮೇಲೆ ಬರೆದ ನಂಬರು

ಹೋದ ವಾರ ಸೇಡಂನ ಒಂದು ಕಾರು ಸರ್ವಿಸ್ ಅಂಗಡಿಯಲ್ಲಿ ಒಬ್ಬ ಮುದುಕಿ ಬಾಯಿಗೆ ಬಂದಂತೆ ಕೂಗಾಡಿದಳು ಎಂಬ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು. ಬಿದ್ದಿದ್ದರೆ ಅದು ನಿಜ. ಆ ಮುದುಕಿ ನಾನೇ. ಕೂಗಾಡಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಇನ್ನಷ್ಟು ಕೂಗಬೇಕಿತ್ತು, ಉಸಿರು ಸಾಲಲಿಲ್ಲ.

ಆದದ್ದಿಷ್ಟು. ನಿವೃತ್ತಿಯಾದ ಮೇಲೆ ಹಟಕ್ಕೆ ಬಿದ್ದು ಕಾರು ಕಲಿತವಳು ನಾನು. ಕಲಿಯುವಾಗ ಮೂರು ಮನೆಯ ಕಟ್ಟೆ ಮುರಿದೆ, ನಾಲ್ಕನೆಯದು ನನ್ನದೇ. ಆ ಕಾರಿನಲ್ಲಿ ಸ್ಟೇರಿಂಗಿನ ಹಿಂದೆ ನಟ್ಟು ಬಿಚ್ಚುವ ಪಾನಾದ ಆಕಾರದ ಒಂದು ಪುಟ್ಟ ದೀಪವಿದೆ. ಸರ್ವಿಸ್ ಮಾಡಿಸುವ ಹೊತ್ತು ಬಂತೆಂದರೆ ಅದು ಹತ್ತಿಕೊಳ್ಳುತ್ತದೆ. ಹತ್ತಿ ನಾಲ್ಕು ದಿನವಾಗಿತ್ತು, ಅಂಗಡಿಗೆ ಒಯ್ದೆ. ಇಸ್ತ್ರಿ ಅಂಗಿಯ ತರುಣನೊಬ್ಬ ಬಂದು ಸೀಟಿನಲ್ಲಿ ಕುಳಿತ. ಕೀಲಿ ತಿರುವಿದ, ಯಾವುದೋ ಗುಂಡಿಯನ್ನು ಒತ್ತಿ ಹಿಡಿದ, ಮನಸ್ಸಿನಲ್ಲೇ ಹತ್ತು ಎಣಿಸಿದ. ದೀಪ ಆರಿತು.

“ಆಯ್ತು ನೋಡ್ರಿ ಮೇಡಂ, ರಿಸೆಟ್ ಆಗ್ಯಾದ. ಇಲ್ಲೊಂದು ಸೈನ್ ಮಾಡ್ರಿ” ಎಂದ.

“ಎಣ್ಣಿ ಬದಲಿ ಆಯ್ತೇನಪಾ?”

“ಅದು ಆಮ್ಯಾಲ ಆಗ್ತದರಿ. ಗಾಡಿ ಇನ್ನಾ ಒಳಗ ಹೋಗಬೇಕು. ಮೊದಲ ಲೈಟ್ ಆರಿಸಿಬಿಟ್ರ ಕಸ್ಟಮರ್‌ಗ ಸಮಾಧಾನ ಇರ್ತದರಿ.”

ಸಮಾಧಾನ! ನನ್ನ ತಲೆಯಲ್ಲಿ ರಕ್ತ ಏರಿದ್ದು ನನಗೇ ಕೇಳಿಸಿತು. ಬಾನೆಟ್ಟನ್ನು ಯಾರೂ ಮುಟ್ಟಿರಲಿಲ್ಲ. ಕೆಳಗಿನ ತಿರುಪು ಬಿಚ್ಚಿರಲಿಲ್ಲ. ಹಳೆಯ ಎಣ್ಣೆ ಒಳಗೇ ಕುಳಿತಿತ್ತು. ಆದರೆ ಕೆಲಸ ಆಯಿತೆಂದು ಕಾರು ತಾನೇ ಸಾಕ್ಷಿ ಹೇಳಲು ತಯಾರಾಗಿ ನಿಂತಿತ್ತು, ಅದಕ್ಕೆ ನನ್ನ ಸಹಿಯೂ ಬೇಕಂತೆ. ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನೂ ಬಂದು ನಿಂತಿದ್ದ ಎಂಬುದಷ್ಟೇ ನೆನಪು. ಆಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಾರಿನ ಮಗ್ಗುಲಲ್ಲೇ ಎರಡು ತಾಸು ಕುಳಿತೆ. ಕರೀ ಎಣ್ಣೆ ಸುರಿದದ್ದನ್ನು ಕಣ್ಣಾರೆ ಕಂಡೆ, ಹೊಸದನ್ನು ಹಾಕಿದ್ದನ್ನು ಕಂಡೆ, ಎಣ್ಣೆ ಅಳೆಯುವ ಕೋಲು ಎಳೆಸಿ ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದೆ. ಆಮೇಲೆ ಸಹಿ ಮಾಡಿದೆ. ಆ ತರುಣ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಪಾಪ, ಅವನ ತಪ್ಪು ಎರಡಾಣೆಯಷ್ಟು. ಉಳಿದ ಹದಿನಾಲ್ಕಾಣೆ ಕೂಗಾಟ ಬೇರೆ ಯಾರಿಗೋ ಸೇರಬೇಕಾದದ್ದು. ಯಾರಿಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆಗೆ ಬಂದವಳೇ ಕಪಾಟಿನ ಕೆಳಗಿನ ಅರೆ ತೆಗೆದೆ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ತಗಡು ಅಲ್ಲಿದೆ. ಅಂಗೈಗಿಂತ ತುಸು ದೊಡ್ಡದು, ಕರೀ ಬಣ್ಣದ್ದು, ಮೇಲೊಂದು ತೂತು. ಅದರ ಮೇಲೆ ಬಿಳೀ ಬಣ್ಣದಲ್ಲಿ ದುಂಡಗೆ, ಮುತ್ತು ಪೋಣಿಸಿದ ಹಾಗೆ, 51,300 ಎಂದು ಬರೆದಿದೆ. ಒಂದು ಮೂಲೆಯಲ್ಲಿ ಕುಂಕುಮದ ಕಲೆ. ಅಕ್ಷರ ನನ್ನದು. ತಗಡು ಸರ್ಕಾರದ್ದು, ನಾನು ಕದ್ದದ್ದು.

ನನ್ನ ಅಕ್ಷರದ ಬಗ್ಗೆ ಎರಡು ಮಾತು ಹೇಳಲೇಬೇಕು, ಎಲ್ಲ ರಾದ್ಧಾಂತಕ್ಕೆ ಅದೇ ಮೂಲ. ನಾನು ಹುಟ್ಟಿದ್ದು ಕುರಕುಂಟಾದಲ್ಲಿ. ಅಲ್ಲಿನ ಶಾಲೆಯಲ್ಲಿ ನಾವೆಲ್ಲ ನೆಲದ ಮೇಲೆ ಕೂತು ಪಾಟಿಯ ಮೇಲೆ ಬಳಪದಿಂದ ಬರೆಯುತ್ತಿದ್ದೆವು. ಬರೆದ ಲೆಕ್ಕವನ್ನು ಮಾಸ್ತರರು ನೋಡುವವರೆಗೆ ಅಳಿಸುವಂತಿರಲಿಲ್ಲ. ಅವರು ಬಂದು ಬಗ್ಗಿ ನೋಡಿ “ಹ್ಞೂಂ, ಅಳಸು” ಎಂದರೆ ಮಾತ್ರ ಹಸಿ ಬಟ್ಟೆ ಆಡಿಸಬೇಕು. ಉಗುಳಿನಿಂದ ಅಳಿಸಿದರೆ ಬೆನ್ನಿಗೆ ಗುದ್ದು ಬೇರೆ. ನನಗೆ ಲೆಕ್ಕ ಬರುತ್ತಿರಲಿಲ್ಲ. ಆದರೆ ಅಂಕಿಗಳನ್ನು ಎಷ್ಟು ಚೆಂದ ಬರೆಯುತ್ತಿದ್ದೆನೆಂದರೆ ಮಾಸ್ತರರು ದೂರದಿಂದಲೇ ಮೆಚ್ಚಿ ಮುಂದೆ ಹೋಗಿಬಿಡುತ್ತಿದ್ದರು. ಹತ್ತಿರ ಬಂದ ದಿನ ಮಾತ್ರ ನಾನು ಮೊದಲೇ ಪಾಟಿ ಒರೆಸಿ, “ಆಗಲೇ ನೋಡೀರಲ್ರಿ, ನೀವೇ ಅಳಸಂದ್ರಿ” ಎಂದು ಕಣ್ಣು ಪಿಳಿಪಿಳಿ ಮಾಡುತ್ತಿದ್ದೆ. ಅವರು ನಂಬುತ್ತಿದ್ದರು. ಚೆಂದದ ಅಕ್ಷರದ ಹುಡುಗಿ ಸುಳ್ಳು ಹೇಳುವುದಿಲ್ಲ ಎಂದು ಲೋಕ ಆಗಲೂ ನಂಬುತ್ತಿತ್ತು, ಆಮೇಲೂ ನಂಬಿತು.

ಆ ಅಕ್ಷರದ ಪುಣ್ಯದಿಂದಲೇ ಚಿತ್ತಾಪುರದ ಒಂದು ಸರ್ಕಾರಿ ಆಫೀಸಿನಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಯಾವ ಆಫೀಸೆಂದು ಹೇಳುವುದಿಲ್ಲ, ಕೇಳಬೇಡಿ. ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆದ ಹೊಸತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇಡೀ ಆಫೀಸಿಗೆ ನಾನೊಬ್ಬಳೇ ಹೆಂಗಸು. ಪತ್ರ ಟೈಪು ಮಾಡುವುದು, ಜೀಪಿನ ಲಾಗ್ ಪುಸ್ತಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಜೀಪಿನ ಡ್ರೈವರು ಭೀಮಶಾ.

ಆಫೀಸಿನಲ್ಲಿ ಎಲ್ಲರೂ ಅವರನ್ನು ಭೀಮ್ಯಾ ಎಂದೇ ಕರೆಯುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ನಾನೂ ಹೋಗು, ಬಾ ಎಂದೇ ಮಾತಾಡಿಸುತ್ತಿದ್ದೆ. ಈಗ ಬಹುವಚನದಲ್ಲಿ ಬರೆಯುವಾಗ ನನ್ನ ಪೆನ್ನಿಗೆ ನನ್ನ ಮೇಲೇ ನಗು ಬರುತ್ತಿರಬಹುದು. ಬರಲಿ. ಭೀಮಶಾ ಅವರು ಭೀಮಾ ದಂಡೆಯವರು, ಸನ್ನತಿಯ ಹತ್ತಿರದ ಹಳ್ಳಿ. ಅವರ ತಂದೆಯ ಕಾಲದಲ್ಲೇ ಮನೆಮಂದಿಯೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಅವರೂ ಖಾಯಂ ಆಗಿರಲಿಲ್ಲ. ಆರು ವರ್ಷದಿಂದ ಟೆಂಪರರಿ. ಆ ವರ್ಷ ಖಾಯಮಾತಿಯ ಪಟ್ಟಿಯಲ್ಲಿ ಅವರ ಹೆಸರು ಮೇಲೆ ಹೋಗಿತ್ತು. ಅದು ಬಂದರೆ ಮಗಳನ್ನು ನರ್ಸ್ ಓದಿಗೆ ಕಳಿಸುತ್ತೇನೆಂದು ಲಾಗ್ ಪುಸ್ತಕಕ್ಕೆ ಸಹಿ ಹಾಕುವಾಗ ಒಮ್ಮೆ ಹೇಳಿದ್ದರು.

ಅವರು ಜೀಪು ನೋಡಿಕೊಳ್ಳುವ ರೀತಿಯೇ ಬೇರೆ. ದಿನಾ ಬೆಳಿಗ್ಗೆ ಕೋಲು ಎಳೆದು ಎಣ್ಣೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಉಜ್ಜುವರು, ಮೂಸುವರು. ನಮ್ಮ ಕಡೆಯ ರಸ್ತೆಗಳು ಗೊತ್ತಲ್ಲ, ಒಂದು ಕಡೆ ವಾಡಿಯ ಸಿಮೆಂಟಿನ ಹುಡಿ, ಇನ್ನೊಂದು ಕಡೆ ಶಹಾಬಾದಿನ ಕಲ್ಲಿನ ಹುಡಿ. ಬೇರೆ ಕಡೆ ಎಣ್ಣೆ ಎಷ್ಟು ದಿನ ಬಾಳುತ್ತದೋ ಏನೋ, ನಮ್ಮಲ್ಲಿ ಮೂರು ಸಾವಿರ ಕಿಲೋಮೀಟರಿಗೆ ಅದು ಗೋಧಿ ಹಿಟ್ಟು ಕಲಸಿದ ಹಾಗೆ ಆಗುತ್ತಿತ್ತು. ಮೂರು ಸಾವಿರಕ್ಕೊಮ್ಮೆ ಜೀಪು ಶಹಾಬಾದಿಗೆ ಹೋಗಬೇಕು, ಖಾಜಾ ಮಿಸ್ತ್ರಿಯ ಶೆಡ್ಡಿಗೆ.

ಆ ಶೆಡ್ಡಿನ ಗೋಡೆಯೆಂದರೆ ಸಾಲಾಗಿ ನಿಲ್ಲಿಸಿದ ಪರಸಿ ಕಲ್ಲುಗಳು. ಶಹಾಬಾದಿನಲ್ಲಿ ಅದಕ್ಕೇನು ಬರ, ನೆಲಕ್ಕೂ ಅದೇ, ಗೋಡೆಗೂ ಅದೇ, ಬಚ್ಚಲಿಗೂ ಅದೇ. ಒಂದೊಂದು ಗಾಡಿಗೆ ಒಂದೊಂದು ಪರಸಿ. ಅದರ ಮೇಲೆ ಖಡುವಿನಿಂದ, ಎಂದರೆ ಸೀಮೆಸುಣ್ಣದಿಂದ, ಮುಂದಿನ ಎಣ್ಣೆಯ ನಂಬರು. ಹಳೇ ಎಣ್ಣೆ ಸುರಿದು, ತಿರುಪು ಬಿಗಿಮಾಡಿ, ಹೊಸದು ಹಾಕಿ, ಇಂಜಿನ್ ಚಾಲು ಮಾಡಿ ನೋಡುವ ತನಕ ಖಾಜಾ ಮಿಸ್ತ್ರಿ ಆ ನಂಬರನ್ನು ಮುಟ್ಟಗೊಡುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಹಸಿ ಬಟ್ಟೆ. ಅವನು ಪರಸಿಯ ಮೇಲೆ ಬರೆಯುವಾಗ ಭೀಮಶಾ ಅವರು ಜೀಪಿನ ತಗಡಿನ ಮೇಲೆ ಅದೇ ನಂಬರು ಬರೆಯುವರು. ಆ ತಗಡು ಬಿಸ್ಕೀಟಿನ ಡಬ್ಬಿಯ ಮುಚ್ಚಳ ಕತ್ತರಿಸಿ ಕಪ್ಪು ಬಳಿದದ್ದು, ಸ್ಟೇರಿಂಗಿನ ಕೆಳಗೆ ತಂತಿಯಲ್ಲಿ ತೂಗುತ್ತಿತ್ತು. ಅದೇ ನಮ್ಮ ಕಾಲದ ಪಾನಾ ದೀಪ.

ಇನ್ನು ದಸರೆ. ಖಂಡೇ ಪೂಜೆ ಎಂದರೆ ನನಗೆ ಈಗಲೂ ಭಾರೀ ಖುಷಿ, ಸುಳ್ಳೇಕೆ ಹೇಳಲಿ. ಕಬ್ಬಿಣದ್ದೆಂಬ ಕಬ್ಬಿಣದ್ದೆಲ್ಲ ಅಂದು ದೇವರು. ನಮ್ಮ ಆಫೀಸಿನಲ್ಲಿ ಬೀಗ, ತಕ್ಕಡಿ, ಪಂಚಿಂಗ್ ಮಶೀನು, ನನ್ನ ಟೈಪ್‌ರೈಟರು ಎಲ್ಲಕ್ಕೂ ವಿಭೂತಿ. ಟೈಪ್‌ರೈಟರಿನ ಸಂದಿಗೆ ಅರಿಷಿಣ ಬಿದ್ದು ದೀಪಾವಳಿಯ ತನಕ ಸರ್ಕಾರದ ಪತ್ರಗಳೆಲ್ಲ ಹಳದಿ ಹಳದಿಯಾಗಿ ಹೋಗುತ್ತಿದ್ದವು. ಮರುದಿನ ಸಂಜೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುತ್ತಾ ವರ್ಷವಿಡೀ ಮಾತು ಬಿಟ್ಟವರೂ ಮಾತಾಡುವರು. ಭೀಮಶಾ ಅವರು ಮಾತ್ರ ಆ ಎರಡು ದಿನ ಇರುತ್ತಿರಲಿಲ್ಲ. ದಸರೆಯೇ ಅವರಿಗೆ ಬೌದ್ಧ ದೀಕ್ಷೆಯ ನೆನಪಿನ ದಿನ. ಬಿಳೀ ಬಟ್ಟೆ ತೊಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ಶಹಾಬಾದಿನಲ್ಲಿ ನಡೆಯುವ ತಮ್ಮವರ ಸಭೆಗೆ ಹೋಗುವರು. ಆ ವರ್ಷವೂ ರಜೆ ಬರೆದುಕೊಟ್ಟು ಹೋಗುವಾಗ ಹೆಡ್ ಕ್ಲಾರ್ಕ್ ಸಂಗಣ್ಣನವರಿಗೆ ಹೇಳಿದರು: “ಎಣ್ಣಿ ನಂಬರ್ ಸನೇಕ ಬಂದದರಿ. ನಾ ಬಂದ ಮರುದಿನಾನೇ ಮಿಸ್ತ್ರಿ ಹತ್ರ ಒಯ್ತೀನಿ.” ಸಂಗಣ್ಣನವರು ಪೂಜಾ ಸಾಮಾನಿನ ಚೀಟಿ ಬರೆಯುವುದರಲ್ಲಿದ್ದರು, ತಲೆಯಾಡಿಸಿದರು.

ಪೂಜೆಯ ದಿನ ಜವಾನ ಶರಣಪ್ಪ ಜೀಪು ತೊಳೆದ. ಬರೀ ತೊಳೆದನೇ? ದೇವರ ದೀಪದ ಸಮೆ ತಿಕ್ಕಿದ ಹಾಗೆ ಹುಣಸೆ ಹಚ್ಚಿ ತಿಕ್ಕಿದ. ತಗಡಿನ ಮೇಲಿನ 48,500 ಎಲ್ಲಿ ಉಳಿಯಬೇಕು. ಬಾಳೆಕಂದು, ಚೆಂಡುಹೂ ಎಲ್ಲ ಕಟ್ಟಿ ಮಂಗಳಾರತಿಗೆ ನಿಂತಾಗ ಸಂಗಣ್ಣನವರ ಕಣ್ಣಿಗೆ ಖಾಲಿ ತಗಡು ಬಿತ್ತು.

“ದೇವರ ಮುಂದ ಖಾಲಿ ಪಾಟಿ ಇರಬಾರ್ದು. ತಂಗಿ, ನಿನ್ನ ಅಕ್ಷರ ಚಂದ ಅವ, ನೀ ಬರಿ” ಎಂದರು.

“ಮೊದಲಿಂದು ನಲವತ್ತೆಂಟು ಸಾವಿರದ ಐನೂರು ಇತ್ತರಿ. ಅದನ್ನೇ ಬರೀಲೇನ್ರಿ?”

“ಅದು ಹಳೀದು. ಹಬ್ಬದ ದಿನ ಹಳೀದ್ಯಾಕ? ಮೀಟರ್ ನೋಡು, ಇವತ್ತಿಂದ ಮೂರು ಸಾವಿರ ಮುಂದ ಹಾಕು.”

“ಎಣ್ಣಿ ಬದಲಿ ಆಗಿಲ್ಲಲ್ರಿ?”

“ಪೂಜಾ ಆಯ್ತಲ್ಲವಾ! ಪೂಜಾ ಆದ ಮ್ಯಾಲ ಬಂಡಿ ಹೊಸಾದೇ ಆದಂಗ. ಬರಿ ಬರಿ, ಆರತಿಗೆ ಹೊತ್ತಾಗ್ಲಿಕತ್ತದ.”

ನೋಡಿ, ಇದೇ ನನಗೆ ಇಂದಿಗೂ ಹೊಟ್ಟೆ ಉರಿಸುವುದು. ಆ ಮನುಷ್ಯ ಕಳ್ಳನಲ್ಲ. ಆ ಸುಳ್ಳಿನಿಂದ ಅವರಿಗೆ ಒಂದು ಕಪ್ ಚಹಾದ ಲಾಭವೂ ಇರಲಿಲ್ಲ. ಅವರು ನಿಜವಾಗಿ ಹಾಗೆಂದು ನಂಬಿದ್ದರು! ಕಳ್ಳನಾಗಿದ್ದರೆ ಒಂದು ದಿನ ಸಿಕ್ಕಿಬೀಳುತ್ತಿದ್ದರು. ನಂಬಿದವರನ್ನು ಏನು ಮಾಡುವುದು? ಮತ್ತೆ ನಾನು? ನಾನು ನಂಬಿರಲಿಲ್ಲ. ಲಾಗ್ ಪುಸ್ತಕ ಬರೆಯುವವಳು, ಮೀಟರು 48,300 ದಾಟಿದ್ದು ನನಗೆ ಗೊತ್ತು, ಎಣ್ಣೆಗೆ ಇನ್ನು ಇನ್ನೂರು ಕಿಲೋಮೀಟರೂ ಇಲ್ಲವೆಂದು ಗೊತ್ತು. ಎಲ್ಲ ಗೊತ್ತಿದ್ದೂ ಬರೆದೆ. ಅದೂ ಖಡುವಿನಿಂದಲ್ಲ. ಆಫೀಸಿನ ಬೋರ್ಡಿನ ಮೇಲೆ ಮೈಸೂರು ಅಳಿಸಿ ಕರ್ನಾಟಕ ಬರೆಸಿ ಉಳಿದ ಬಿಳೀ ಬಣ್ಣದ ಡಬ್ಬಿ ಅಲ್ಲೇ ಇತ್ತು. “ಇದರಾಗ ಬರಿ, ಛಂದ ಕಾಣ್ತದ” ಎಂದು ಯಾರೋ ಕುಂಚ ಕೊಟ್ಟರು. ನಾನು ನಾಲಿಗೆ ಕಚ್ಚಿಕೊಂಡು, ದುಂಡಗೆ ಬರೆದೆ. ಎಲ್ಲರೂ ಭೇಷ್ ಎಂದರು. ನಾನು ಉಬ್ಬಿಹೋದೆ. ಆ ಬಣ್ಣ ಒರೆಸಿದರೆ ಹೋಗುವುದಿಲ್ಲ ಎಂಬುದು ಮಾತ್ರ ತಲೆಗೆ ಬರಲಿಲ್ಲ.

ಎರಡು ದಿನದ ಮೇಲೆ ಭೀಮಶಾ ಅವರು ಬಂದರು. ಜೀಪಿನಲ್ಲಿ ಕುಳಿತವರು ಹಾಗೇ ಇಳಿದು ಒಳಗೆ ಬಂದರು.

“ಖಾಜಾ ಮಿಸ್ತ್ರಿ ಬಂದಿದ್ನೇನ್ರಿ?” ಎಂದು ಸಂಗಣ್ಣನವರನ್ನು ಕೇಳಿದರು.

“ಎಲ್ಲಾ ಆಗ್ಯಾದ. ನೀ ಇಲ್ಲಂದ್ರ ಸರ್ಕಾರ ನಿಲ್ತದೇನು ಭೀಮ್ಯಾ?”

ಅವರು ಹೊರಗೆ ಹೋಗಿ ಕೋಲು ಎಳೆದು ನೋಡಿ ಮತ್ತೆ ಬಂದರು. ಈ ಸಲ ನೆಟ್ಟಗೆ ನನ್ನ ಮೇಜಿಗೆ. ಬೆರಳ ತುದಿ ಕರ್ರಗಿತ್ತು.

“ಅಕ್ಕೋರ, ನಂಬರ್ ನಿಮ್ಮ ಕೈಯಿಂದು. ಖರೇ ಹೇಳ್ರಿ, ಎಣ್ಣಿ ಬದಲಿ ಆಗ್ಯಾದೇನ್ರಿ? ಬೆರಳಿಗೆ ಹುಡಿ ಹತ್ತಲಿಕತ್ತದ.”

ಸಂಗಣ್ಣನವರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ಎಲ್ಲರೆದುರು ಅವರು ಸುಳ್ಳುಗಾರರಾಗುವರು, ನಾನೂ ಆಗುವೆ. ನನ್ನ ಖಾಯಮಾತಿಯ ಕಾಗದ ಅವರ ಕೈಯಲ್ಲಿತ್ತು. ಇಷ್ಟೆಲ್ಲ ವಿಚಾರ ಮಾಡಿದೆ ಎಂದು ಈಗ ಹೇಳುವುದು ನನ್ನ ಮರ್ಯಾದೆ ಉಳಿಸಿಕೊಳ್ಳಲು. ನಿಜವಾಗಿ ನಾನು ಏನೂ ವಿಚಾರ ಮಾಡಲಿಲ್ಲ. ಕುರಕುಂಟಾದ ಪಾಟಿಯ ಹುಡುಗಿ ಕಣ್ಣು ಪಿಳಿಪಿಳಿ ಮಾಡಿದಳು, ಅಷ್ಟೇ.

“ಆಗ್ಯಾದ, ಹೋಗು” ಎಂದೆ.

ಅವರು ಇನ್ನೊಮ್ಮೆ ಬೆರಳು ಉಜ್ಜಿ ನೋಡಿಕೊಂಡರು. “ಹಂಗಾದ್ರ ಎಣ್ಣಿನೇ ಖರಾಬ್ ಬಂದಿರಬೇಕು” ಎಂದು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಹೋದರು. ಇಪ್ಪತ್ತು ವರ್ಷದ ಅನುಭವದ ತಮ್ಮ ಬೆರಳಿಗಿಂತ ನನ್ನ ಮಾತು ಹೆಚ್ಚೆಂದು ನಂಬಿದರು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಂಬಿಯೂ ಅವರು ಸುಮ್ಮನೆ ಕೂರಲಿಲ್ಲ. ಎಣ್ಣೆ ಸರಿಯಿಲ್ಲ, ಇನ್ನೊಮ್ಮೆ ಬದಲಿ ಮಾಡಿಸೋಣ ಎಂದು ಮೂರು ಸಲ ಬಂದು ಕೇಳಿದರು. ಮೂರು ಸಲವೂ ಸಂಗಣ್ಣನವರದು ಒಂದೇ ಮಾತು: “ನಂಬರ್ ಇನ್ನಾ ಬಂದಿಲ್ಲಲ್ಲೋ. ನಂಬರ್ ಬರಲಿ.” ಬೆರಳಿಗೆ ಹತ್ತುವ ಹುಡಿ ಲೆಕ್ಕಕ್ಕಿಲ್ಲ, ತಗಡಿನ ಮೇಲೆ ನಾನು ಬರೆದದ್ದು ಲೆಕ್ಕಕ್ಕುಂಟು. ಇದು ಯಾವ ನ್ಯಾಯ, ನೀವೇ ಹೇಳಿ. ಮೂರು ಸಲವೂ ನಾನು ಪಕ್ಕದಲ್ಲೇ ಕೂತು ಟೈಪು ಕುಟ್ಟುತ್ತಿದ್ದೆ. ಮೂರನೆಯ ಸಲ ಕಾಗದ ಹಾಕುವುದನ್ನೇ ಮರೆತು ಬರೀ ರೋಲರಿನ ಮೇಲೆ ಕುಟ್ಟಿದೆ.

ಚಳಿಗಾಲ ಕಳೆಯುವ ಹೊತ್ತಿಗೆ ಸಾಹೇಬರು ಚಿಂಚೋಳಿಗೆ ಹೊರಟರು. ಸಾಹೇಬರು ಹಳೇ ಮೈಸೂರು ಸೀಮೆಯವರು, ಬಿಳೀ ಪ್ಯಾಂಟು, ಬಿಳೀ ಬೂಟು. ಸೇಡಂ ದಾಟಿ ಒಂದಿಷ್ಟು ದೂರ ಹೋಗುವುದರಲ್ಲಿ ಇಂಜಿನ್ನು ಕಲ್ಲು ಅಗಿದಂತೆ ಸದ್ದು ಮಾಡಿ ಕಟ್ಟಿಕೊಂಡುಬಿಟ್ಟಿತಂತೆ. ನಡುಮಧ್ಯಾಹ್ನ, ಮರದ ನೆರಳೂ ಇಲ್ಲ. ಸಾಹೇಬರು ತೊಗರಿ ಚೀಲ ಹೇರಿದ ಲಾರಿಯ ಮೇಲೆ ಕೂತು ಸೇಡಂಗೆ ಬಂದರು, ಬಿಳೀ ಬೂಟು ಲಾರಿಯವನ ಎಣ್ಣೆ ಡಬ್ಬಿಯಲ್ಲಿ ಅದ್ದಿ. ಇದನ್ನು ಕೇಳಿ ಆಫೀಸೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು, ನಾನೂ ನಕ್ಕೆ. ಮರುದಿನದಿಂದ ಯಾರೂ ನಗಲಿಲ್ಲ.

ವಿಚಾರಣೆ ಎಂದರೆ ಏನು ಮಹಾ. ಸಂಗಣ್ಣನವರು ತಗಡನ್ನು ಬಿಚ್ಚಿ ತಂದು ಸಾಹೇಬರ ಮೇಜಿನ ಮೇಲಿಟ್ಟರು. ಮೀಟರು 51,100ರ ಹತ್ತಿರ ನಿಂತಿದೆ, ತಗಡಿನಲ್ಲಿ 51,300. ಅಂದರೆ ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಗಿದೆ, ಇನ್ನೂ ಗಡುವು ಮುಗಿದಿಲ್ಲ. ಅಂದ ಮೇಲೆ ಓಡಿಸಿದವನದೇ ತಪ್ಪು. ಹೊರಗೆ ಬಂದು ನಾಲ್ಕು ಜನರೆದುರು ಸಂಗಣ್ಣನವರು ಇನ್ನೊಂದು ಮಾತೂ ಸೇರಿಸಿದರು: “ಖಂಡೇ ಪೂಜಾದಾಗ ಬಂಡಿಗೆ ಕೈ ಮುಗಿಲಾರದವನು ಅಂವ. ಅಂಥವನ ಕೈಯಾಗ ಬಂಡಿ ಹ್ಯಾಂಗ ಬಾಳ್ತದ?” ನಾಲ್ವರೂ ತಲೆಯಾಡಿಸಿದರು. ಕೈ ಮುಗಿದವರು ನಾವು, ಹುಣಸೆ ಹಚ್ಚಿ ನಂಬರು ಅಳಿಸಿದವರು ನಾವು, ಸುಳ್ಳು ಬರೆದವಳು ನಾನು. ಆ ಜೀಪಿಗೆ ದಿನಾ ಬೆಳಿಗ್ಗೆ ಬಗ್ಗಿ ನಿಲ್ಲುತ್ತಿದ್ದವರು ಅವರೊಬ್ಬರೇ. ನನಗೆ ಆ ಮಾತು ಕೇಳಿ ಸಿಟ್ಟು ಬಂತು. ಬಂದ ಸಿಟ್ಟನ್ನು ಎಲ್ಲಿಟ್ಟೆ? ಟೈಪ್‌ರೈಟರಿನ ಮೇಲೆ. ಭೀಮಶಾ ಅವರಿಗೆ ಕೊಡುವ ಮೆಮೋ ಟೈಪು ಮಾಡಿದವಳೂ ನಾನೇ.

ಮೆಮೋ ಕೊಟ್ಟ ಮೂರನೇ ದಿನ ಅವರು ನನ್ನ ಹತ್ತಿರ ಬಂದರು. ಜೀಪನ್ನು ಎಳೆಸಿಕೊಂಡು ಶಹಾಬಾದಿಗೆ ಬಿಟ್ಟು ಬಂದಿದ್ದರು.

“ಅಕ್ಕೋರ, ಮಿಸ್ತ್ರಿ ಪರಸಿ ಮ್ಯಾಲ ಇನ್ನಾ ಹಳೀ ನಂಬರೇ ಅದರಿ. ನಲವತ್ತೆಂಟು ಐನೂರು” ಎಂದರು. ದನಿ ಏರಿಸಲಿಲ್ಲ. “ಸಾಹೇಬ್ರಿಗೆ ನೀವೊಂದು ಮಾತು ಹೇಳಿದ್ರ ಸಾಕು. ನಾ ಹೇಳಿದ್ರ ಯಾರ್ ಕೇಳ್ತಾರ್ರಿ?”

ನಾನು ಹೋದೆ. ಹೋದೆ ಎಂಬುದನ್ನು ದಯವಿಟ್ಟು ಬರೆದುಕೊಳ್ಳಿ, ನನ್ನ ಪರವಾಗಿ ಇರುವುದು ಅದೊಂದೇ. ಸಾಹೇಬರ ಕೋಣೆಗೆ ಅರ್ಧ ಬಾಗಿಲು, ಕೆಳಗೆ ಮೇಲೆ ಬಯಲು. ಹೊರಗಿನ ಬೆಂಚಿನ ಮೇಲೆ ಭೀಮಶಾ ಅವರು ಕುಳಿತಿದ್ದರು. ನಾನು ಒಳಗೆ ನಿಂತು, ಎಣ್ಣೆ ಬದಲಾಗಿರಲಿಲ್ಲ, ಪೂಜೆಯ ದಿನ ನಂಬರನ್ನಷ್ಟೇ ಬರೆದದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಸಾಹೇಬರು ತಗಡನ್ನು ಎತ್ತಿ ಹಿಡಿದರು. “ಇದು ಯಾರ ಅಕ್ಷರ?”

“ನನ್ನದು ಸಾರ್.”

“ಡ್ರೈವರ್ ಬಂದು ನಿಮ್ಮನ್ನ ಕೇಳಿದ್ನಂತೆ, ನೀವು ಆಗಿದೆ ಅಂದ್ರಂತೆ. ಹೌದಾ?”

“ಹೌದು ಸಾರ್.”

“ಹಾಗಾದ್ರೆ ಈ ಮೆಮೋ ಯಾರ ಹೆಸರಿಗೆ ಹೋಗ್ಬೇಕು, ನೀವೇ ಹೇಳಿ. ಬದಲಾಯಿಸಿ ಟೈಪ್ ಮಾಡ್ಕೊಂಡು ಬನ್ನಿ, ಸೈನ್ ಮಾಡ್ತೀನಿ.”

ಅವರು ತಮಾಷೆ ಮಾಡುತ್ತಿರಲಿಲ್ಲ. ನೆಟ್ಟಗೆ ನೋಡಿದರೆ ಅದೇ ನ್ಯಾಯವಾಗಿತ್ತು. ಇಡೀ ಆಫೀಸಿನಲ್ಲಿ ನ್ಯಾಯದ ಮಾತಾಡಿದವರು ಅವರೊಬ್ಬರೇ. ನಾನು ತಗಡು ನೋಡಿದೆ, ಗೋಡೆ ನೋಡಿದೆ, ನನ್ನ ಕಾಲು ನೋಡಿಕೊಂಡೆ. ಆಮೇಲೆ ಹೊರಗೆ ಬಂದೆ. ಬದಲಾಯಿಸಿ ಟೈಪು ಮಾಡಲಿಲ್ಲ.

ಬೆಂಚಿನಿಂದ ಭೀಮಶಾ ಅವರು ಎದ್ದು ನಿಂತರು. ಎಲ್ಲ ಕೇಳಿಸಿಕೊಂಡಿದ್ದರು. “ಹೋಗ್ಲಿ ಬಿಡ್ರಿ ಅಕ್ಕೋರ” ಎಂದರು.

ಯಾಕೆ ಹಾಗಂದರು? ಬೈಯಬೇಕಿತ್ತು. ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ನನ್ನ ಹೆಸರು ಹಿಡಿದು ಕೂಗಬೇಕಿತ್ತು. ಕೂಗಿದ್ದರೆ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ನಾನು ಅಷ್ಟಕ್ಕೇ ಬಿಟ್ಟು ನೆಮ್ಮದಿಯಾಗಿರುತ್ತಿದ್ದೆ. ಅದೂ ಆಗಲಿಲ್ಲ. ಆ ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ತೆಗೆದರು. ಖಾಯಮಾತಿಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಸಂಗಣ್ಣನವರು ಪೇಡೆ ತರಿಸಿ ಹಂಚಿದರು, ನಾನು ಎರಡು ತಿಂದೆ.

ಚಿತ್ತಾಪುರದಿಂದ ಸೇಡಂಗೆ ವರ್ಗವಾದಾಗ ಹಳೇ ಸಾಮಾನಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ಆ ತಗಡನ್ನು ಚೀಲಕ್ಕೆ ಹಾಕಿಕೊಂಡೆ. ಯಾಕೆಂದು ನನಗೂ ಗೊತ್ತಿರಲಿಲ್ಲ. ನಾಲ್ಕಾರು ವರ್ಷ ಕಳೆಯಿತು, ಎಂಬತ್ತರ ದಶಕ ಬಂತು, ನಾನೇ ಹೆಡ್ ಕ್ಲಾರ್ಕ್ ಆದೆ. ಸೇಡಂ ಆಫೀಸಿನ ಜೀಪು ಸರ್ವಿಸ್‌ಗೆ ಹೋದರೆ ಕೆಲಸ ಆಗಿದೆ ಎಂಬ ಕಾಗದಕ್ಕೆ ನನ್ನ ಸಹಿ ಬೇಕು. ಮೊದಲ ಕಾಗದ ಬಂದಾಗ ಪೆನ್ನು ಮುಂದಕ್ಕೆ ಹೋಗಲಿಲ್ಲ. ಮುಂದಿನ ಸಲ ಆ ತಗಡನ್ನು ಚೀಲದಲ್ಲಿಟ್ಟುಕೊಂಡು ನಾನೇ ಜೀಪು ಹತ್ತಿ ಕುಳಿತೆ. ಡ್ರೈವರು ಗಾಬರಿಯಾಗಿ, “ನೀವ್ಯಾಕ್ರಿ ಬರ್ತೀರಿ, ಅಲ್ಲಿ ಕುಂದ್ರಲಿಕ್ಕೂ ಜಾಗ ಇಲ್ರಿ” ಎಂದ. ನಿಂತುಕೊಳ್ಳುತ್ತೇನೆ ಎಂದೆ.

ಶಹಾಬಾದಿನ ಅದೇ ಶೆಡ್ಡು. ಖಾಜಾ ಮಿಸ್ತ್ರಿಗೆ ಕಣ್ಣು ಮಂಜಾಗಿ ಹೊರಗೆ ಹೊರಸಿನ ಮೇಲೆ ಕುಳಿತಿದ್ದ. ಒಳಗೆ ಬೇರೊಂದು ಗಾಡಿಯ ಕೆಳಗಿನಿಂದ ತೆವಳಿ ಹೊರಗೆ ಬಂದವರು ಭೀಮಶಾ ಅವರು, ಶೆಡ್ಡಿನ ಕೆಲಸವೆಲ್ಲ ಈಗ ಅವರದೇ. ತಲೆ ಬೆಳ್ಳಗಾಗಿತ್ತು. ಸುಣ್ಣದ ಹುಡಿಯೋ ವಯಸ್ಸೋ ತಿಳಿಯಲಿಲ್ಲ.

“ಬರ್ರಿ ಅಕ್ಕೋರ, ಕುಂದ್ರಿ” ಎಂದು ಒಂದು ಟಾಯರ್ ಉರುಳಿಸಿ ಮೇಲೆ ಬಟ್ಟೆ ಹಾಸಿದರು.

ಎಷ್ಟು ವರ್ಷದಿಂದ ಕಟ್ಟಿಟ್ಟಿದ್ದ ಮಾತುಗಳಿದ್ದವು ನನ್ನಲ್ಲಿ! “ಭೀಮಶಾ ಅವ್ರ, ಮಗಳು ಏನ್ ಮಾಡ್ತಾಳ್ರಿ?” ಎಂದಷ್ಟೇ ಕೇಳಿದೆ. ಅವರೊಡನೆ ಮೊದಲ ಸಲ ಬಹುವಚನ ಬಾಯಿಗೆ ಬಂದಿತ್ತು.

“ಓದು ಬಿಡ್ಸಿದೆರಿ. ಲಗ್ನ ಮಾಡೀನಿ. ತೆಂಗಳಿಯಾಗ ಅದಾಳ, ಎರಡು ಮಕ್ಕಳು.” ಅವರು ನಮ್ಮ ಜೀಪಿನ ಕೆಳಗೆ ಹೋದರು.

ನಾನು ಟಾಯರಿನ ಮೇಲೆ ಕುಳಿತು ಅಳಲೂ ಇಲ್ಲ. ಚೀಲದಿಂದ ತಗಡು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕರೀ ಎಣ್ಣೆ ಡಬ್ಬಿಗೆ ಸುರಿಯಿತು, ಮೊದಲು ಧಾರೆಯಾಗಿ, ಆಮೇಲೆ ಹನಿ ಹನಿ. ಕೊನೆಯ ಹನಿ ಬೀಳುವ ತನಕ ಅವರು ಕಾದರು. ತಿರುಪು ಹಾಕಿದರು, ಹೊಸ ಎಣ್ಣೆ ತುಂಬಿದರು, ಇಂಜಿನ್ ಚಾಲು ಮಾಡಿ ನಿಲ್ಲಿಸಿದರು. ಕೋಲು ಎಳೆದು ನನ್ನ ಮುಂದೆ ಹಿಡಿದರು. ಮುಟ್ಟಿ ನೋಡಿ ಎಂದು ಅರ್ಥ. ನಾನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿದೆ. ನುಣ್ಣಗಿತ್ತು, ಹುಡಿ ಹತ್ತಲಿಲ್ಲ.

ಆಗ ಅವರ ಕಣ್ಣು ನನ್ನ ತೊಡೆಯ ಮೇಲಿನ ತಗಡಿಗೆ ಬಿತ್ತು. ಎತ್ತಿಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಆ ಐದು ಅಂಕಿಗಳ ಮೇಲೆ ಒಮ್ಮೆ ಉಜ್ಜಿದರು. ಹೋಗಲಿಲ್ಲ. ಹಿಂದಕ್ಕೆ ಕೊಟ್ಟರು. ಬೈಯಲಿಲ್ಲ, ಹೋಗಲಿ ಬಿಡಿ ಎಂದು ಈ ಸಲ ಅನ್ನಲೂ ಇಲ್ಲ. ಗೋಡೆಯ ಹತ್ತಿರ ಹೋಗಿ ನಮ್ಮ ಜೀಪಿನ ಪರಸಿಯನ್ನು ಹಸಿ ಬಟ್ಟೆಯಿಂದ ಒರೆಸಿದರು. ಕಲ್ಲು ಒಣಗುವ ತನಕ ನಿಂತರು. ಆಮೇಲೆ ಕಿಸೆಯಿಂದ ಖಡುವಿನ ತುಣುಕು ತೆಗೆದು ನನ್ನ ಕೈಗೆ ಕೊಟ್ಟರು.

“ಈಗ ಬರೀರಿ” ಎಂದರು.

ನಾನು ಮೀಟರಿಗೆ ಮೂರು ಸಾವಿರ ಕೂಡಿಸಿ ಬರೆದೆ. ಬೆರಳಿಗೆ ಎಣ್ಣೆ ಹತ್ತಿತ್ತು, ಖಡು ಜಾರುತ್ತಿತ್ತು, ಅಂಕಿ ಒಂದೊಂದೂ ಒಂದೊಂದು ಕಡೆಗೆ ವಾಲಿತು. ಅವರು ಬಗ್ಗಿ ಒಂದೊಂದಾಗಿ ಎಲ್ಲವನ್ನೂ ಓದಿದರು. ಆಮೇಲೆ ಜೀಪಿನೊಳಗೆ ತಲೆ ಹಾಕಿ ಮೀಟರು ನೋಡಿ ಬಂದು, ಇನ್ನೊಮ್ಮೆ ಓದಿದರು.